ಕೋಲು ಮುರಿದ್ರೆ ಜೈಲು, ನಾಯಿಗೆ ಹೊಡೆದ್ರೆ ಐವತ್ತು ರೂಪಾಯಿ

ಮೊನ್ನೆ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದೆ. ಪಕ್ಕದ ಮನೆ ಅಕ್ಕ ಬಂದು, "ಏನವ್ವಾ, ನಾಯಿ ಸಲುವಾಗಿ ಪೊಲೀಸ್ ಟೇಷನ್ ಮೆಟ್ಲು ಹತ್ತಿದ್ಯಂತೆ, ಊರೆಲ್ಲಾ ನಗ್ತಾ ಐತೆ" ಅಂದ್ರು. ನಗಲಿ ಬಿಡಿ. ನಕ್ಕೋರಿಗೆಲ್ಲಾ ಬೀದಿಲಿ ನಿಂತು ಒಬ್ಬೊಬ್ರಿಗೇ ಉತ್ತರ ಹೇಳೋ ಅಷ್ಟು ಪುರುಸೊತ್ತು ನನಗಿಲ್ಲ. ಅದಕ್ಕೇ ಎಲ್ಲಾರಿಗೂ ಸೇರಿಸಿ ಒಂದೇ ಸಲ ಬರೀತಿದೀನಿ. ಓದಿದ ಮೇಲೂ ನಗು ಬಂದ್ರೆ ನಕ್ಕಂಡು ಹೋಗಿ.

ನಮ್ಮ ಮೈದುನನ ವಿಚಾರ ನಿಮಗೆ ಗೊತ್ತೇ ಐತೆ. ಸಕ್ಕರೆ ಕಾಯಿಲೆ ಮೊದಲು ಕಾಲಿನ ಗಾಯ ಮಾಗೋಕೆ ಬಿಡಲಿಲ್ಲ, ಆಮೇಲೆ ಕಣ್ಣಿಗೇ ಬಂತು. ಆಪರೇಷನ್ ಮಾಡಿಸಿದ್ವಿ, ಲೇಸರ್ ಹಾಕ್ಸಿದ್ವಿ, ಕೊನೆಗೆ ಬೆಳಕು ಕತ್ತಲೆ ಬಿಟ್ರೆ ಬೇರೆ ಏನೂ ಕಾಣದಂಗಾಯ್ತು. ಇಪ್ಪತ್ತೈದು ವರ್ಷ ತೆಂಗಿನ ತೋಟ ಮಾಡಿದೋನು, ಯಾವ ಮರ ಎಷ್ಟು ಕಾಯಿ ಬಿಡ್ತದೆ ಅಂತ ಬೆರಳ ತುದೀಲಿ ಇಟ್ಕಂಡಿದ್ದೋನು, ಗೋಡೆ ಹಿಡ್ಕಂಡು ಬಚ್ಚಲಿಗೆ ಹೋಗೋ ಹಂಗಾದ. ಯಾರಾದ್ರೂ ಕೈ ಹಿಡಿದು ಕರ್ಕಂಡು ಹೋಗ್ತೀವಿ ಅಂದ್ರೆ ಅವನಿಗೆ ನಾಚಿಕೆ. "ನಿಮ್ಮ ಕೆಲಸ ನೀವು ನೋಡ್ಕಳ್ಳಿ ಅತ್ತಿಗೆ" ಅಂತ ಸುಮ್ಮನೆ ಮೂಲೆ ಹಿಡಿದ.

ಅವನನ್ನ ಮೂಲೆಯಿಂದ ಎಬ್ಬಿಸಿದ್ದು ನಾವಲ್ಲ, ಕೆಂಚ. ತೋಟದ ಬೇಲಿ ಹತ್ರ ಸಿಕ್ಕಿದ್ದ ಬೀದಿ ಮರಿ ಅದು. ಮೈದುನ ಅದರ ಕೊರಳಿಗೆ ಹಗ್ಗ ಕಟ್ಟಿ ತುದಿ ಹಿಡ್ಕಂಡು ಒಂದು ದಿನ ಬಾಗಿಲು ದಾಟಿದ. ಯಾರೂ ಟ್ರೈನಿಂಗ್ ಕೊಡ್ಲಿಲ್ಲ. ದಿನಾ ಹೋದ ದಾರೀಲೇ ಹೋಗಿ ಹೋಗಿ ಆ ಮೂಕ ಪ್ರಾಣಿ ಅವನ ಅಳತೆ ಕಲಿತ್ಕಂಡ್ತು. ಮೋರಿ ಕಲ್ಲು ಬಂದ್ರೆ ನಿಲ್ಲೋದು. ಬೈಕ್ ಸದ್ದಾದ್ರೆ ಅವನ ಕಾಲಿಗೆ ಅಡ್ಡ ಬಂದು ನಿಲ್ಲೋದು. ಕೇಶವನ ಗುಡಿ ಮುಂದೆ ಬಂದ್ರೆ ಅವನು ಚಪ್ಪಲಿ ಬಿಟ್ಟು ಕೈ ಮುಗಿಯೋ ತನಕ ಕೂತಿರೋದು. ಅಲ್ಲಿಂದ ಟೀ ಅಂಗಡಿ, ಅಲ್ಲಿಂದ ತೋಟ. ನಾಲ್ಕು ವರ್ಷ ಹಿಂಗೇ ನಡೀತು.

ನಾನೇನು ಮೊದಲಿಂದ ನಾಯಿ ಪ್ರೀತಿ ಮಾಡೋಳಲ್ಲ. ನಿಮ್ಮ ಹಂಗೇ ನನಗೂ ಮಡಿ, ಮೈಲಿಗೆ ಎಲ್ಲಾ ಐತೆ. ಕೆಂಚ ಇನ್ನೂ ಮರಿ ಇದ್ದಾಗ ಒಂದಿನ ಅಡುಗೆ ಮನೆ ಹೊಸಿಲ ಹತ್ರ ಬಂತು ಅಂತ ಬಸಿದ ಬಿಸಿ ಗಂಜಿ ಎರಚಿದೆ. ಅದರ ಬೆನ್ನ ಮೇಲೆ ಅಂಗೈ ಅಗಲ ಕೂದಲಿಲ್ಲದ ಜಾಗ ಐತಲ್ಲ, ಹುಳುಕು ಅಂತ ನೀವು ಅಂದ್ಕಂಡಿದೀರಲ್ಲ, ಅದು ನನ್ನ ಕೈ ಕೆಲಸ. ಇದನ್ನ ಮೊದಲೇ ಹೇಳಿಬಿಡ್ತೀನಿ. ಮುಂದೆ ನಾನು ಬಯ್ಯೋ ಬೈಗುಳದಲ್ಲಿ ನನಗೂ ಒಂದು ಪಾಲು ಐತೆ ಅಂತ ನಿಮಗೆ ಗೊತ್ತಿರಲಿ.

ಹೋದ ದೀಪಾವಳಿ ಬಲಿಪಾಡ್ಯಮಿ ಸಂಜೆ. ಮೈದುನ ತೋಟದಿಂದ ವಾಪಸ್ ಬರ್ತಿದ್ದ. ಮೂರು ಜನ ಹುಡುಗರು ಕೆಂಚನ ಬಾಲಕ್ಕೆ ಪಟಾಕಿ ಸರ ಕಟ್ಟಿ ಹಚ್ಚಿದ್ರು. ನಾಯಿ ಹುಚ್ಚೆದ್ದು ಓಡ್ತು. ಹಗ್ಗ ಇವನ ಮುಂಗೈಗೆ ಸುತ್ತಿಕೊಂಡಿತ್ತು. ಎಳಕಂಡು ಹೋಗಿ ಮೋರಿಗೆ ಬಿದ್ದ. ಕೈ ಮೂಳೆ ಮುರೀತು, ಗದ್ದಕ್ಕೆ ಆರು ಹೊಲಿಗೆ. ಕೆಂಚ ನಾಲ್ಕು ದಿನ ಕಾಣ್ಲಿಲ್ಲ. ಐದನೇ ದಿನ ಹಿತ್ತಲ ಸೌದೆ ಸಂದೀಲಿ ಸಿಕ್ತು. ಬಾಲದ ತುದಿ ಸುಟ್ಟು ಹೋಗಿತ್ತು. ಈಗ ಗಾಯ ವಾಸಿಯಾಗೈತೆ. ಆದ್ರೆ ಬೀದಿಗೆ ಬರಲ್ಲ. ಪಾತ್ರೆ ಬಿದ್ರೂ ಮಂಚದ ಕೆಳಗೆ ಸೇರ್ಕಂತದೆ. ನಾಯಿ ಮಂಚದ ಕೆಳಗೆ, ಇವನು ಮಂಚದ ಮೇಲೆ. ತೋಟಕ್ಕೆ ಹೋಗದೇ ಎಷ್ಟೋ ದಿನ ಆಯ್ತು.

ಅದಕ್ಕೆ ಟೇಷನ್ನಿಗೆ ಹೋದೆ. ಅಲ್ಲಿದ್ದೋರು ಕೇಳಿದ ಮೊದಲನೇ ಮಾತು, "ನಾಯಿ ಜಾತಿದಾ, ಬೀದೀದಾ? ಎಷ್ಟು ಬೆಲೆ ಬಾಳ್ತದೆ?" ಎರಡನೇ ಮಾತು, "ಹಬ್ಬದಲ್ಲಿ ಹುಡುಗಾಟಕ್ಕೆ ಮಾಡಿರ್ತವೆ, ಊರಲ್ಲೇ ಕೂತು ರಾಜಿ ಮಾಡ್ಕಳ್ಳಿ." ಕೈ ಮುರಿದಿದ್ದಕ್ಕೆ ಒಂದು ಅರ್ಜಿ ತಗಂಡ್ರು. ನಾಯಿ ಸುದ್ದಿ ಅದರಲ್ಲಿ ಒಂದು ಸಾಲೂ ಬರ್ಲಿಲ್ಲ. ನಾಯಿ ಓಡಿದ್ದಕ್ಕೆ ಇವನು ಬಿದ್ದ ಅಂತ ಆಯ್ತೇ ಹೊರತು, ನಾಯಿನ ಓಡಿಸಿದ್ದು ಯಾರು ಅಂತ ಆಗ್ಲಿಲ್ಲ.

ನಾನು ಪಿಯುಸಿ ತನಕ ಓದಿದೋಳು. ಕಾನೂನು ನನಗೇನು ಗೊತ್ತು? ನಮ್ಮಕ್ಕನ ಮಗಳು ಲಾ ಓದ್ತಾ ಅವ್ಳೆ. ಅವಳನ್ನ ಕೂರಿಸ್ಕಂಡು, "ನನಗೆ ಅರ್ಥ ಆಗೋ ಹಂಗೆ ಹೇಳು" ಅಂದೆ. ಅವಳು ಓದಿ ಹೇಳಿದ್ದನ್ನ ನೋಟ್‌ಬುಕ್ಕಲ್ಲಿ ಬರ್ಕಂಡೆ. ನಿಮಗೂ ಹೇಳ್ತೀನಿ.

ಮೊದಲನೇದು, ಪ್ರಾಣಿ ಹಿಂಸೆ ತಡೆ ಕಾಯ್ದೆ. 1960ರದ್ದು. ಅದರ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ಹೊಡೆಯೋದು, ಒದೆಯೋದು, ಹಿಂಸೆ ಕೊಡೋದು ಅಪರಾಧ. ದಂಡ ಎಷ್ಟು ಗೊತ್ತಾ? ಮೊದಲನೇ ಸಲಕ್ಕೆ ಕಡಿಮೆ ಅಂದ್ರೆ 10 ರೂಪಾಯಿ, ಹೆಚ್ಚು ಅಂದ್ರೆ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದ್ರೆ 25ರಿಂದ 100 ರೂಪಾಯಿ, ಇಲ್ಲಾ ಮೂರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ನಾನು ಹುಟ್ಟೋಕೆ ಮುಂಚೆ ಬರೆದ ರೇಟು ಇವತ್ತಿಗೂ ಅದೇ. ಕೆಂಚನ ಬಾಲಕ್ಕೆ ಕಟ್ಟಿದ ಪಟಾಕಿ ಸರಕ್ಕೆ ಇದಕ್ಕಿಂತ ಜಾಸ್ತಿ ಕೊಟ್ಟಿರ್ತಾರೆ! ಇದನ್ನ ಬದಲಾಯಿಸ್ತೀವಿ ಅಂತ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಒಂದು ಕರಡು ಹೊರಡಿಸ್ತು, ಜನರ ಅಭಿಪ್ರಾಯ ಕೇಳ್ತು. ಕ್ರೂರವಾಗಿ ಹಿಂಸೆ ಮಾಡಿದ್ರೆ ಮೂರು ವರ್ಷ, ಕೊಂದ್ರೆ ಐದು ವರ್ಷದ ತನಕ ಜೈಲು ಅಂತ ಅದರಲ್ಲಿತ್ತು. ಕರಡು ಕರಡಾಗೇ ಉಳೀತು.

ಎರಡನೇದು, ಭಾರತೀಯ ನ್ಯಾಯ ಸಂಹಿತೆ, 2024ರ ಜುಲೈ 1ರಿಂದ ಜಾರಿಗೆ ಬಂದಿದ್ದು. ಅದಕ್ಕೆ ಮುಂಚಿನ ದಂಡ ಸಂಹಿತೇಲಿ ಹತ್ತು ರೂಪಾಯಿ ಬೆಲೆಯ ಪ್ರಾಣಿಗೆ ಒಂದು ಸೆಕ್ಷನ್, ಐವತ್ತು ರೂಪಾಯಿ ಬೆಲೆಯದಕ್ಕೆ ಇನ್ನೊಂದು ಅಂತ ಲೆಕ್ಕ ಇತ್ತು. ಟೇಷನ್ನಲ್ಲಿ ನನ್ನನ್ನ "ಎಷ್ಟು ಬೆಲೆ" ಅಂತ ಕೇಳಿದ್ದು ಆ ಹಳೇ ಅಭ್ಯಾಸ ಇರಬೇಕು. ಹೊಸ ಕಾನೂನಿನ 325ನೇ ಸೆಕ್ಷನ್ನಲ್ಲಿ ಬೆಲೆ ಮಾತೇ ಇಲ್ಲ. ಯಾವುದೇ ಪ್ರಾಣಿನ ಕೊಂದ್ರೆ, ವಿಷ ಹಾಕಿದ್ರೆ, ಊನ ಮಾಡಿದ್ರೆ, ಕೆಲಸಕ್ಕೆ ಬಾರದಂಗೆ ಮಾಡಿದ್ರೆ ಐದು ವರ್ಷದ ತನಕ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ನೇರ ಕೇಸು ಹಾಕಬಹುದಾದ ಅಪರಾಧ ಇದು. ಕುರಿ ಹಟ್ಟಿ ನಾಯಿಗೆ ವಿಷದ ತುಂಡು ಹಾಕಿ ಕುರಿ ಕದಿಯೋರು ಅದಾರಲ್ಲ, ಅವರಿಗೂ ಇದೇ ಸೆಕ್ಷನ್ ಬರ್ತದೆ. ಹಟ್ಟಿಯೋರು ಇದನ್ನ ತಿಳ್ಕಂಡಿರಬೇಕು.

"ಕೆಲಸಕ್ಕೆ ಬಾರದಂಗೆ ಮಾಡೋದು" ಅಂತ ಐತಲ್ಲ, ಆ ಮಾತನ್ನ ನಾನು ಗಟ್ಟಿ ಹಿಡ್ಕಂಡಿದೀನಿ. ಕೆಂಚ ಸತ್ತಿಲ್ಲ. ಕಾಲು ಮುರಿದಿಲ್ಲ. ಆದ್ರೆ ಕೆಂಚನಿಗೆ ಇದ್ದ ಒಂದೇ ಕೆಲಸ ಹೋಯ್ತು. ಹೆದರಿಕೆ ಹಾಕಿ ಒಂದು ಪ್ರಾಣಿ ಕೆಲಸ ಕೆಡಿಸೋದೂ ಇದರಲ್ಲಿ ಬರ್ತದೋ ಇಲ್ಲವೋ ಅಂತ ಕೋರ್ಟು ಹೇಳಬೇಕು. ಹೇಳಬೇಕು ಅಂದ್ರೆ ಯಾರಾದ್ರೂ ಅಲ್ಲಿ ತನಕ ಹೋಗಬೇಕು. "ರಾಜಿ ಮಾಡ್ಕಳ್ಳಿ" ಅನ್ನೋ ಮಾತಿಗೆ ತಲೆ ಆಡಿಸಿ ಬಂದ್ರೆ ಕಾನೂನು ಪುಸ್ತಕದಲ್ಲೇ ಇರ್ತದೆ.

ಮೂರನೇದು ಕೇಳಿ. ಇದನ್ನ ಕೇಳಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 92ನೇ ಸೆಕ್ಷನ್ನಲ್ಲಿ ಐತೆ: ಅಂಗವಿಕಲರ ಕೈಕಾಲು, ಇಂದ್ರಿಯ, ಇಲ್ಲಾ ಅವರು ಬಳಸೋ ಆಧಾರದ ಸಾಧನ, ಇವಕ್ಕೆ ಬೇಕಂತಲೇ ಹಾನಿ ಮಾಡಿದ್ರೆ, ಅದನ್ನ ಬಳಸೋಕೆ ಅಡ್ಡಿ ಮಾಡಿದ್ರೆ, ಆರು ತಿಂಗಳಿಗೆ ಕಡಿಮೆ ಇಲ್ಲದಂಗೆ ಐದು ವರ್ಷದ ತನಕ ಜೈಲು, ಜೊತೆಗೆ ದಂಡ.

ಅಂದ್ರೆ ಲೆಕ್ಕ ಹಾಕಿ ಅಕ್ಕತಂಗೇರೆ. ನಮ್ಮ ಮೈದುನ ಬಿಳಿ ಕೋಲು ಹಿಡ್ಕಂಡು ಹೋಗ್ತಿದ್ದು, ಯಾರಾದ್ರೂ ಬೇಕಂತಲೇ ಆ ಕೋಲು ಕಿತ್ಕಂಡು ಮುರಿದಿದ್ರೆ, ಕಡಿಮೆ ಅಂದ್ರೂ ಆರು ತಿಂಗಳು ಒಳಗೆ. ಆ ಕೋಲು ಮಾಡೋ ಕೆಲಸವನ್ನೇ ಮಾಡೋ, ಕೋಲಿಗೆ ಗೊತ್ತಿಲ್ಲದ ಬೈಕಿನ ಸದ್ದು ಕೇಳಿ ಅಡ್ಡ ನಿಲ್ಲೋ ಜೀವವನ್ನ ಕಲ್ಲಲ್ಲಿ ಹೊಡೆದ್ರೆ ಐವತ್ತು ರೂಪಾಯಿ. ಆಧಾರದ ಸಾಧನ ಅಂದ್ರೆ ದಾರಿ ತೋರಿಸೋ ನಾಯಿನೂ ಸೇರ್ತದೆ ಅಂತ ಆ ಕಾಯ್ದೇಲಿ ಒಂದು ಪದ ಬರೆದಿಲ್ಲ. ನಾನು ಕೇಳೋದು ಆ ಒಂದು ಪದ. ದೊಡ್ಡ ಕಾನೂನು ಬೇಡ, ಇಲಾಖೆ ಬೇಡ. ಕೋಲು, ಗಾಲಿ ಕುರ್ಚಿ, ಕಿವಿ ಮಿಷನ್ನಿನ ಸಾಲಲ್ಲಿ "ನೆರವಿನ ನಾಯಿ" ಅಂತ ಸೇರಿಸಿ. ಆಗ ಪೊಲೀಸರು ನಾಯಿ ಬೆಲೆ ಕೇಳಲ್ಲ, ಮನುಷ್ಯನ ನಷ್ಟ ಕೇಳ್ತಾರೆ.

ನಾಯಿ ಕೆಲಸ ಅಂದ್ರೆ ಮೂಗು ಮುರಿಯೋರು ನಮ್ಮ ಪಕ್ಕದ ಜಿಲ್ಲೆ ಕಡೆ ನೋಡಿ. ದಾವಣಗೆರೆ ಪೊಲೀಸರ ಹತ್ರ ತುಂಗಾ ಅಂತ ಒಂದು ಡಾಬರ್‌ಮನ್ ಹೆಣ್ಣು ನಾಯಿ ಇತ್ತು. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಲ್ಲಿ ಒಂದು ಕೊಲೆ ಆದಾಗ, ವಾಸನೆ ಹಿಡಿದು 12 ಕಿಲೋಮೀಟರ್ ಓಡಿ ಆರೋಪಿ ಇದ್ದ ಕಡೆ ಹೋಗಿ ನಿಂತ್ಕಂಡ್ತು. ಆಗ ಅದಕ್ಕೆ ಹತ್ತು ವರ್ಷ, ನಾಯಿ ಲೆಕ್ಕದಲ್ಲಿ ಮುದುಕಿ. ಬೆಂಗಳೂರಿಂದ ದೊಡ್ಡ ಅಧಿಕಾರಿ ಬಂದು ಅದಕ್ಕೆ ಹಾರ ಹಾಕಿದ್ರು. ಪೇಪರಲ್ಲಿ ಫೋಟೋ ನೋಡಿ ನಾವೇ ಚಪ್ಪಾಳೆ ತಟ್ಟಿದ್ವಿ. ಅದರ ಹೆಸರಲ್ಲೇ ಬಂದ ತುಂಗಾ-2, 2024ರ ಜುಲೈನಲ್ಲಿ ಸಂತೇಬೆನ್ನೂರು ಕಡೆ ಕೊಲೆ ಜಾಡು ಹಿಡಿದು 8 ಕಿಲೋಮೀಟರ್ ಓಡಿ ಒಂದು ಮನೆ ಬಾಗಿಲಿಗೆ ಹೋಯ್ತು. ಒಳಗೆ ಗಂಡ ಹೆಂಡತಿನ ಸಾಯೋ ಹಂಗೆ ಹೊಡೀತಿದ್ದ. ಆ ಹೆಣ್ಣುಮಗಳ ಜೀವ ಉಳೀತು. ಹೆಣ್ಣಿನ ಕೂಗು ಕೇಳಿ ಬಾಗಿಲು ಹಾಕ್ಕಳ್ಳೋ ಮನುಷ್ಯರನ್ನ ನಾವು ನೀವು ನೋಡಿದೀವಿ. ಆ ಬಾಗಿಲಿಗೆ ಪೊಲೀಸರನ್ನ ಕರ್ಕಂಡು ಬಂದಿದ್ದು ಒಂದು ನಾಯಿ.

ಹಾರ ಹಾಕ್ತೀವಿ, ಸತ್ರೆ ಗೌರವ ಕೊಟ್ಟು ಮಣ್ಣು ಮಾಡ್ತೀವಿ. ಆದ್ರೆ ಅಂಥಾ ಪೊಲೀಸ್ ನಾಯಿಗೂ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ಕೆಲಸದ ಮೇಲಿರೋ ಪೊಲೀಸಪ್ಪನ ಮೈ ಮುಟ್ಟಿದ್ರೆ ಸರ್ಕಾರಿ ಕೆಲಸಕ್ಕೆ ಅಡ್ಡಿ, ದೊಡ್ಡ ಕೇಸು. ಪಕ್ಕದಲ್ಲಿ ನಿಂತು ಅದೇ ಕೆಲಸ ಮಾಡೋ ನಾಯಿಗೆ ಹೊಡೆದ್ರೆ, ಕೆಂಚನಿಗೆ ಇರೋ ಸೆಕ್ಷನ್ನೇ ಅದಕ್ಕೂ.

ಬೇರೆ ದೇಶದೋರು ಇದನ್ನ ಯೋಚನೆ ಮಾಡಿದಾರೆ. ಇಂಗ್ಲೆಂಡಲ್ಲಿ 2016ರಲ್ಲಿ ಫಿನ್ ಅನ್ನೋ ಪೊಲೀಸ್ ನಾಯಿಗೆ ಒಬ್ಬ ಚಾಕು ಹಾಕಿದ. ಎದೆಗೆ, ತಲೆಗೆ ಗಾಯ ಆದ್ರೂ ಅದು ತನ್ನ ಪೊಲೀಸನ್ನ ಬಿಟ್ಟು ಹೋಗ್ಲಿಲ್ಲ. ಆಗ ಅಲ್ಲಿ ನಾಯಿಗೆ ಚುಚ್ಚಿದ್ದಕ್ಕೆ ಹಾಕಿದ ಕೇಸು ಏನು ಗೊತ್ತಾ? ಆಸ್ತಿ ಹಾನಿ. ಕಿಟಕಿ ಗಾಜು ಒಡೆದಂಗೆ! ಜನ ಸುಮ್ಮನಿರ್ಲಿಲ್ಲ. 2019ರಲ್ಲಿ ಕಾನೂನು ಬಂತು, ಜನ ಅದನ್ನ ಫಿನ್ ಕಾನೂನು ಅಂತಲೇ ಕರೀತಾರೆ. ಕೆಲಸದ ಮೇಲಿರೋ ನಾಯಿಗೆ ಹೊಡೆದು "ನನ್ನ ಜೀವ ಉಳಿಸ್ಕಳ್ಳೋಕೆ ಹೊಡೆದೆ" ಅಂತ ಸುಮ್ಮಸುಮ್ಮನೆ ನೆಪ ಹೇಳೋ ದಾರಿನ ಅದು ಮುಚ್ಚಿತು. ಅಮೆರಿಕಾದಲ್ಲಿ ಕೇಂದ್ರ ಸರ್ಕಾರದ ಪೊಲೀಸ್ ನಾಯಿ, ಕುದುರೆನ ಕೊಂದ್ರೆ ಇಲ್ಲಾ ಶಾಶ್ವತ ಊನ ಮಾಡಿದ್ರೆ ಹತ್ತು ವರ್ಷದ ತನಕ ಜೈಲು ಅಂತ 2000ದಲ್ಲೇ ಕಾನೂನು ಮಾಡಿದಾರೆ.

"ಅದೆಲ್ಲಾ ಫಾರಿನ್ನೋರ ಶೋಕಿ" ಅಂತೀರಾ? ಹಂಗಾದ್ರೆ ನಮ್ಮ ಕನ್ನಡ ನೆಲದ್ದೇ ಹೇಳ್ತೀನಿ. ಪಿಯುಸಿಲಿ ನಮ್ಮ ಹಿಸ್ಟರಿ ಮೇಷ್ಟ್ರು ಹೇಳಿದ್ದು ಇನ್ನೂ ನೆನಪೈತೆ. ಮಂಡ್ಯ ಜಿಲ್ಲೆ ಆತಕೂರಲ್ಲಿ ಒಂದು ವೀರಗಲ್ಲು ಸಿಕ್ಕೈತೆ, ಕ್ರಿಸ್ತಶಕ 949-50ರದ್ದು. ಗಂಗರ ಬೂತುಗ ಯುದ್ಧದಲ್ಲಿ ಗೆದ್ದು ಬಂದಾಗ ತನ್ನ ವೀರ ಮಣಲೇರನಿಗೆ "ಏನು ಬೇಕು ಕೇಳು" ಅಂದ. ಅವನು ಊರು ಕೇಳ್ಲಿಲ್ಲ, ಹೊನ್ನು ಕೇಳ್ಲಿಲ್ಲ, ಕಾಳಿ ಅನ್ನೋ ನಾಯಿನ ಕೇಳಿ ಇಸ್ಕಂಡ. ಆ ಕಾಳಿ ಒಂದು ದೊಡ್ಡ ಹಂದಿ ಜೊತೆ ಹೋರಾಡಿ ಹಂದಿನೂ ಕೊಂದು ತಾನೂ ಸತ್ತಿತು. ಅದಕ್ಕೆ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿ ಉಣ್ಣೋ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡ್ರೆ ಅವನಿಗೆ ಪಾಪ ಅಂತ ಕೆತ್ತಿಸಿದ್ರು. ಆ ಕಲ್ಲು ಈಗ ಬೆಂಗಳೂರು ಮ್ಯೂಸಿಯಂನಲ್ಲಿ ಐತೆ. ಸಾವಿರ ವರ್ಷದ ಹಿಂದೆ ನಮ್ಮೋರಿಗೆ ಒಂದು ನಾಯಿಯ ಕೆಲಸಕ್ಕೆ ಕಲ್ಲಲ್ಲಿ ಕಟ್ಟಳೆ ಬರೆಸೋ ಬುದ್ಧಿ ಇತ್ತು. ಮೈಲಾರಲಿಂಗನ ಒಕ್ಕಲಾಗಿರೋರೇ, ಗೊರವಯ್ಯ ಮನೆ ಮುಂದೆ ಬಂದು ನಾಯಿ ಹಂಗೆ ಬೊಗಳಿ ದೋಣಿ ಸೇವೆ ಮಾಡಿದ್ರೆ ಕೈ ಮುಗೀತೀರಲ್ಲ. ಮಾರನೇ ದಿನ ಅದೇ ಬೀದೀಲಿ ನಾಯಿಗೆ ಕಲ್ಲು ಬೀಳೋದು ಹೆಂಗೆ?

ಈಗ ನಿಮ್ಮ ಪ್ರಶ್ನೆಗಳಿಗೆ ಬರ್ತೀನಿ.

"ಮನುಷ್ಯರಿಗೇ ನ್ಯಾಯ ಇಲ್ಲ, ನಾಯಿಗೆ ಯಾಕೆ?" ಅಂತ ನಮ್ಮ ಚಿಗವ್ವ ಕೇಳಿದ್ರು. ಚಿಗವ್ವಾ, ಇದು ಮನುಷ್ಯನ ನ್ಯಾಯವೇ. ಕೈ ಮುರಿದಿದ್ದು ಯಾರದ್ದು? ಮಂಚ ಹಿಡಿದಿರೋದು ಯಾರು? ನಾಯಿ ಬಾಲಕ್ಕೆ ಹಚ್ಚಿದ ಬೆಂಕಿ ಮನುಷ್ಯನ ಮೈಗೇ ಬಂತು.

"ನಾಯಿ ಕಚ್ಚಿ ಮಕ್ಕಳು ಸಾಯ್ತಿದಾವೆ, ನೀನು ನಾಯಿ ಪರ ಮಾತಾಡ್ತೀಯ" ಅಂತ ಇನ್ನೊಬ್ರು. ಆ ಸಂಕಟ ಸುಳ್ಳಲ್ಲ. ಹುಚ್ಚುನಾಯಿ ರೋಗ ಬಂದ್ರೆ ಉಳಿಯಲ್ಲ, ನನಗೂ ಮೊಮ್ಮಗ ಅವ್ನೆ. ಅದಕ್ಕೇ ಹೇಳ್ತೀನಿ, ನಾಯಿ ಸಾಕಿದೋರು, ಕೆಲಸಕ್ಕೆ ಇಟ್ಕಂಡೋರು ಪಶು ಆಸ್ಪತ್ರೆಗೆ ಹೋಗಿ ವರ್ಷ ವರ್ಷ ಲಸಿಕೆ ಹಾಕ್ಸಿ ಚೀಟಿ ಜೋಪಾನ ಮಾಡಿ. ಕೊರಳಿಗೆ ಎದ್ದು ಕಾಣೋ ಬಣ್ಣದ ಬೆಲ್ಟು ಹಾಕಿ. ಯಾರದು, ಯಾಕೆ ಇರೋದು ಅಂತ ಗೊತ್ತಾಗಲಿ. ಕೆಂಚನಿಗೆ ಹಾಕ್ಸಿದೀನಿ. ಆದ್ರೆ ಒಂದು ಮಾತು, ಕಲ್ಲು ತಿಂದು ತಿಂದು ಬೆಳೆದ ನಾಯಿ ಕೈ ಎತ್ತಿದೋರನ್ನೆಲ್ಲಾ ಕಚ್ಚೋಕೆ ಕಲೀತದೆ. ಪಟಾಕಿ ಹಚ್ಚಿದ ಹುಡುಗನ ತಮ್ಮನಿಗೆ ನಾಳೆ ಕಚ್ಚಿದ್ರೆ ಯಾರನ್ನ ಬಯ್ತೀರಿ?

"ಅದೇನು ಟ್ರೈನಿಂಗ್ ಆದ ನಾಯಿನಾ?" ಅಂತ ಟೇಷನ್ನಲ್ಲೂ ಕೇಳಿದ್ರು, ಊರಲ್ಲೂ ಕೇಳ್ತಾರೆ. ಬಾಗೂರಿನ ತೆಂಗಿನ ತೋಟದೋನಿಗೆ ಟ್ರೈನಿಂಗ್ ಆದ ನಾಯಿ ಯಾರು ತಂದು ಕೊಡ್ತಾರೆ? ಕಣ್ಣಿಲ್ಲ ಅಂತ ಅವನ ಹತ್ರ ಸರ್ಕಾರದ ಕಾರ್ಡ್ ಐತೆ. ಅದೇ ಕಾರ್ಡಿನ ನಂಬರು ನಾಯಿ ಬೆಲ್ಟಿಗೂ ಹಾಕಿ, ಪಂಚಾಯ್ತಿಲಿ ಒಂದು ಪುಸ್ತಕದಲ್ಲಿ ಬರ್ಕಳ್ಳಲಿ. ಸರ್ಟಿಫಿಕೇಟು ಬೇಕು ಅಂದ್ರೆ ನಾಲ್ಕು ವರ್ಷ ಅವನನ್ನ ಒಂದು ಸಲನೂ ಬೀಳಿಸದೇ ಕರ್ಕಂಡು ಹೋಗಿ ಬಂದಿದ್ದೇ ಸರ್ಟಿಫಿಕೇಟು.

ಕಡೇದಾಗಿ ಆ ಮೂರು ಹುಡುಗರ ಅವ್ವಂದಿರಿಗೆ. ಹೆಸರು ಬರೆಯಲ್ಲ. ನೀವು ಇದನ್ನ ಓದ್ತೀರಿ ಅಂತ ನನಗೆ ಗೊತ್ತು. ಹಬ್ಬದ ಹೋಳಿಗೆ ಕೊಟ್ಟು ಕಳಿಸಿದ್ದು ನೀವೇ, ಆಸ್ಪತ್ರೆ ಖರ್ಚಿಗೆ ದುಡ್ಡು ತಂದು ಕೈಗಿಟ್ಟು ಅತ್ತಿದ್ದೂ ನೀವೇ. ದುಡ್ಡು ನಾನು ಇಸ್ಕಳ್ಳಲಿಲ್ಲ, ಅದಕ್ಕೆ ಬೇಜಾರು ಮಾಡ್ಕಬೇಡಿ. ನಿಮ್ಮ ಮಕ್ಕಳಿಗೆ ಹದಿನೆಂಟು ತುಂಬಿಲ್ಲ, ಯಾವ ಕಾನೂನೂ ಅವರನ್ನ ಜೈಲಿಗೆ ಹಾಕಲ್ಲ, ನನಗೂ ಅದು ಬೇಡ. ಆದ್ರೆ "ಹುಡುಗಾಟ" ಅನ್ನೋ ಪದ ನನ್ನ ಮುಂದೆ ಇನ್ನೊಂದು ಸಲ ಹೇಳಬೇಡಿ. ನಾನು ಗಂಜಿ ಎರಚಿದ ದಿನ ನನಗೆ ಯಾರೂ ಏನೂ ಅನ್ಲಿಲ್ಲ. ನಾಯಿ ತಾನೇ ಅಂದ್ರು. ಅವತ್ತು ನನ್ನ ಅತ್ತೆ ಒಂದು ಮಾತು ಬಯ್ದಿದ್ರೆ ಇವತ್ತು ಆ ಬೆನ್ನು ನೋಡಿದಾಗೆಲ್ಲಾ ತಲೆ ತಗ್ಗಿಸೋದು ತಪ್ತಿತ್ತು. ಬಯ್ಯೋದು ನಮ್ಮ ಕೆಲಸ. ಕಾನೂನು ಬರೋ ಹೊತ್ತಿಗೆ ಬರಲಿ, ಅವ್ವಂದಿರ ಕಾನೂನು ಇವತ್ತೇ ಬರಬಹುದು.

ನಾನು ಕೇಳೋ ದಂಡ ಇಷ್ಟೇ. ನಿಮ್ಮ ಮಕ್ಕಳನ್ನ ನಮ್ಮ ಮನೆಗೆ ಕಳಿಸಿ. ದಿನಕ್ಕೊಬ್ಬ ಬೆಳಿಗ್ಗೆ ಆರಕ್ಕೆ ಬಂದು, ಕೆಂಚ ಮತ್ತೆ ಬೀದಿಗೆ ಇಳಿಯೋ ತನಕ, ಮೈದುನನ ಕೈ ಹಿಡಿದು ತೋಟಕ್ಕೆ ಕರ್ಕಂಡು ಹೋಗಿ ಕರ್ಕಂಡು ಬರಲಿ. ಮೋರಿ ಕಲ್ಲು ಬಂದಾಗ ನಿಲ್ಲಲಿ, ಬೈಕ್ ಬಂದಾಗ ಅಡ್ಡ ನಿಲ್ಲಲಿ, ಗುಡಿ ಮುಂದೆ ಅವನು ಕೈ ಮುಗಿಯೋ ತನಕ ಕಾಯಲಿ. ಒಂದು ವಾರದಲ್ಲೇ ಗೊತ್ತಾಗ್ತದೆ ಅವರಿಗೆ, ಆ ನಾಯಿ ಏನು ಕೆಲಸ ಮಾಡ್ತಿತ್ತು ಅಂತ.

ಬಂದೋರಿಗೆ ಬಿಸಿ ರೊಟ್ಟಿ, ಅವರೆಕಾಳು ಸಾರು ನಾನೇ ಬಡಿಸ್ತೀನಿ. ಕೆಂಚನಿಗೂ ಅದರಲ್ಲೇ ಒಂದು ರೊಟ್ಟಿ. ಅದನ್ನ ಅವರ ಕೈಯಿಂದಲೇ ಹಾಕಿಸ್ತೀನಿ.